ಮೀಸೆ ಸವೆದ ಮೀನುಗಳು

1992ರಲ್ಲಿ ನಾನು ಸಿಂಧನೂರಿನಲ್ಲಿ ಮೀನುಗಾರಿಕೆ ಅಧಿಕಾರಿಯಾಗಿದ್ದೆ. ಸಿಂಧನೂರು, ಲಿಂಗಸುಗೂರು ಎರಡೂ ತಾಲ್ಲೂಕುಗಳ ಕೆರೆಗಳಿಗೆ ಮರಿ ಬಿಡಿಸುವುದು, ಬೆಳೆದ ಮೀನಿನ ತೂಕ ನೋಡುವುದು ನನ್ನ ಕೆಲಸ. ಗಾಜಿನ ತೊಟ್ಟಿಯ ಮೀನಿಗೂ ನನಗೂ ಸಂಬಂಧವಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಅಮರೇಶ ಎಂಬುವವರು ಕಚೇರಿಗೆ ಬಂದರು. ಮಸ್ಕಿ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುವವರು. ಹೆಂಡತಿ ಶಾಂತಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೃದಯದ ಕವಾಟ ದುರ್ಬಲವಾಗಿ, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಆಕೆಗೆ ಹೊತ್ತು ಹೋಗಲೆಂದು ಇವರು ಹೈದರಾಬಾದಿನಿಂದ ಮೂರಡಿಯ ಅಕ್ವೇರಿಯಂ ತಂದಿದ್ದರು.

"ನೀರು ರಾಡಿ ಆಗಾಕತ್ತೈತ್ರಿ ಮೇಡಂ. ಮೂರು ಮೀನು ಸತ್ತಾವ. ಸತ್ತಾಗೊಮ್ಮೆ ಆಕಿ ಊಟ ಬಿಡ್ತಾಳ."

ಮರುವಾರ ಮುದಗಲ್‌ಗೆ ಹೋಗುವ ದಾರಿಯಲ್ಲಿ ಅವರ ಮನೆಗೆ ಹೋದೆ. ಮಲಗಿದವರ ಕಣ್ಣಿನ ಮಟ್ಟಕ್ಕೇ ತೊಟ್ಟಿ ಇಟ್ಟಿದ್ದರು. ತಳದಲ್ಲಿ ಮೂರು ಬೆರಳು ದಪ್ಪ ಸಣ್ಣ ಹರಳು, ಅದರ ಮೇಲೆ ತಿನ್ನದೆ ಉಳಿದ ಆಹಾರ. ಕೆರೆಯಲ್ಲಿ ತಳಕ್ಕೆ ಬಿದ್ದದ್ದನ್ನು ತಿನ್ನಲೆಂದು ನಾವು ಸಾಮಾನ್ಯ ಗೆಂಡೆ ಮೀನು ಬಿಡುತ್ತೇವೆ. ಅದೇ ಬುದ್ಧಿಯಿಂದ ಇಲ್ಲೂ ಮಾತಾಡಿದೆ.

"ಕೋರಿಡೋರಾಸ್ ಅಂತ ಹೆಬ್ಬೆರಳಿನಷ್ಟು ಮೀನು ಸಿಗುತ್ತವೆ. ಮೀಸೆಯಿಂದ ತಳ ತಡಕಿ ತಿನ್ನುತ್ತವೆ. ಆರು ತಂದು ಬಿಡಿ. ಹರಳು ತಾನೇ ಶುದ್ಧವಾಗಿರುತ್ತದೆ, ನೀವು ಕೈ ಹಾಕಬೇಡಿ."

ಆ ಕೊನೆಯ ಮಾತನ್ನು ನಾನು ಎಲ್ಲಿಯೂ ಓದಿರಲಿಲ್ಲ. ನನಗೆ ಹೊಳೆದದ್ದನ್ನು ಅಧಿಕಾರಿಯ ದನಿಯಲ್ಲಿ ಹೇಳಿದ್ದೆ, ಅಷ್ಟೆ.

ಅಮರೇಶ ಆರು ಮೀನು ತಂದರು. ನೀರು ತಿಳಿಯಾಯಿತು. ಶಾಂತಮ್ಮ ನನಗೆ ಕಾರ್ಡು ಬರೆಯತೊಡಗಿದರು: ಈ ಮೀನುಗಳು ಕಣ್ಣು ಹೊರಳಿಸುತ್ತವೆ, ಪಾಠ ಒಪ್ಪಿಸಲು ಬಾರದ ಮಕ್ಕಳ ಹಾಗೆ. ಜನವರಿಯ ಕಾರ್ಡು ಬೇರೆಯಿತ್ತು. "ನೀರು ತಿಳಿಯಾಗಿಯೇ ಇದೆ. ಆದರೆ ಮೀನುಗಳ ಮೀಸೆ ದಿನೇ ದಿನೇ ಸಣ್ಣದಾಗುತ್ತಿದೆ. ಒಮ್ಮೆ ಬಂದು ನೋಡುವಿರಾ?"

ಓದಿ ನಕ್ಕೆ. ಮೀನಿನ ಮೀಸೆ ನೋಡಲು ಜೀಪು ತೆಗೆದುಕೊಂಡು ಹೋಗುವುದೇ? "ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ" ಎಂದು ಉತ್ತರ ಬರೆದೆ. ಆಮೇಲೆ ಎರಡು ಸಲ ಮಸ್ಕಿಯ ಮೇಲೆಯೇ ಹಾದುಹೋದೆ, ಇಳಿಯಲಿಲ್ಲ.

ಇಳಿದದ್ದು ಮಾರ್ಚಿನಲ್ಲಿ. ಅಷ್ಟೊತ್ತಿಗೆ ನಾಲ್ಕು ಸತ್ತಿದ್ದವು. ಉಳಿದ ಎರಡಕ್ಕೆ ಮೀಸೆಯಿದ್ದ ಜಾಗದಲ್ಲಿ ಕೆಂಪು ಗಾಯ. ಹರಳಿಗೆ ಕೋಲು ಹಾಕಿ ಕೆದಕಿದೆ. ಕಪ್ಪು ಕೆಸರು ಎದ್ದಿತು, ಗುಳ್ಳೆಗಳ ಜೊತೆ ಕೊಳೆತ ಮೊಟ್ಟೆಯ ವಾಸನೆ. ಮೀನು ತಿಂದದ್ದು ಮತ್ತೆ ಹೊಲಸಾಗಿ ಅದೇ ಹರಳಿಗೆ ಇಳಿದಿತ್ತು. ಕರೆಂಟು ಹೋದಾಗಲೆಲ್ಲ ಗಾಳಿಯ ಪಂಪು ನಿಂತು ತಳ ಇನ್ನಷ್ಟು ಕೊಳೆತಿತ್ತು. ಅದರಲ್ಲೇ ಅವು ಮೂತಿಯಿಟ್ಟು ಬದುಕಬೇಕಿತ್ತು. ಕೈ ಹಾಕಬೇಡಿ ಎಂದಿದ್ದವಳು ನಾನು.

ಶಾಂತಮ್ಮ ತೀರಾ ಸೊರಗಿದ್ದರು. "ನಾ ದಿನಾ ನೋಡಾಕತ್ತಿದ್ದೆ ಮೇಡಂ. ಮೊದಲ ಹರಳಿನಾಗ ಮೂತಿ ಇಟ್ಟು ಹುಡುಕ್ತಿದ್ದವು. ಆಮ್ಯಾಲ ಗ್ಲಾಸಿಗೆ ಒರಗಿ ಸುಮ್ಮನ ನಿಂದರಾಕ ಹತ್ತಿದವು."

"ತಪ್ಪು ನನ್ನದು ಶಾಂತಮ್ಮ."

ಅವರು ಉಸಿರು ಹಿಡಿದು ಹಿಡಿದು ಹೇಳಿದರು, "ಅದು ಇರಲಿ ಬಿಡ್ರಿ. ಇನ್ನಾ ಎರಡು ಅದಾವ. ಈಗ ಏನು ಮಾಡೋದು ಹೇಳ್ರಿ."

ರಬ್ಬರ್ ನಳಿಗೆಯ ತುದಿಗೆ ಪ್ಲಾಸ್ಟಿಕ್ ಬಾಟಲಿಯ ಕತ್ತು ಸಿಕ್ಕಿಸಿ ಸೈಫನ್ ಮಾಡಿದೆವು. ಹರಳಿಗೆ ಚುಚ್ಚಿದರೆ ಕೊಳೆ ನೀರಿನೊಡನೆ ಬಕೆಟ್ಟಿಗೆ ಇಳಿಯುತ್ತದೆ, ಭಾರದ ಹರಳು ಅಲ್ಲೇ ಉಳಿಯುತ್ತದೆ. ತೆಗೆಯಬೇಕಾದದ್ದು ಮೂರನೇ ಒಂದು ಭಾಗ ನೀರು ಮಾತ್ರ. ಅಮರೇಶ ನಳಿಗೆ ಹಿಡಿದರೆ ಶಾಂತಮ್ಮ ಮಂಚದಿಂದಲೇ ಹೇಳುತ್ತಿದ್ದರು, "ಆ ಮೂಲ್ಯಾಗ ಬಿಟ್ಟೀರಿ ನೋಡ್ರಿ." ಪ್ರತಿ ಭಾನುವಾರ ಹೀಗೆ ಮಾಡಲು ಹೇಳಿ ಬಂದೆ. ಮೇ ತಿಂಗಳ ಕಾರ್ಡಿನಲ್ಲಿ ಮೀಸೆ ಚಿಗುರುತ್ತಿದೆ ಎಂದಿತ್ತು. ಅಕ್ಷರ ಅಮರೇಶರದು.

ಜುಲೈಯಲ್ಲಿ ಶಾಂತಮ್ಮ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ನಾಲ್ಕನೆಯ ದಿನ. ಹೋದಾಗ ಮಂಚ ತೆಗೆದಿದ್ದರು. ತೊಟ್ಟಿಯ ತಳ ಮಾತ್ರ ಸ್ವಚ್ಛವಾಗಿತ್ತು.

"ಆಕಿ ಹೋದದ್ದು ಆಯಿತವಾರ, ನೀರು ತಗಿಯೋ ದಿನಾನ ರೀ," ಎಂದರು ಅಮರೇಶ. "ಮಣ್ಣು ಮಾಡಿ ಬಂದು, ಜಳಕ ಮಾಡಿ, ಇದರ ನೀರು ತಗದೆ. ಮಂದಿ ಬೈದ್ರು. ಬಿಟ್ಟಿದ್ರ ಆಕಿ ಕೇಳ್ತಿದ್ಲು."

ನಾನು ತೊಟ್ಟಿಯ ಪಕ್ಕದಲ್ಲಿ ಕುಳಿತೆ. ಅವರು ಮುಂದುವರಿಸಿದರು. "ಚಿಂತಿಲ್ಲ ಅಂತ ಕಾರ್ಡು ಬರದಿದ್ರಲ್ಲ, ಅವತ್ತ ನನಗ ಸಿಟ್ಟು ಬಂದಿತ್ತು. ಆಕಿ ಏನಂದ್ಲು ಗೊತ್ತೇನ್ರಿ? ‘ಮೇಡಂನೋರು ನೋಡಿಲ್ಲ, ಅದಕ್ಕ ಹಂಗ ಬರದಾರ. ನೋಡಿದ್ರ ಬರೀತಿದ್ದಿಲ್ಲ’ ಅಂದ್ಲು."

ಆಮೇಲೂ ಬಹಳ ವರ್ಷ ನೌಕರಿ ಮಾಡಿದೆ. ದಿನವೂ ನೀರಿನ ಪಕ್ಕದಲ್ಲಿರುವವರು "ಏನೋ ಬ್ಯಾರೆ ಕಾಣಾಕತ್ತೈತಿ" ಎಂದರೆ ಉತ್ತರ ಬರೆಯುತ್ತಿರಲಿಲ್ಲ, ಹೋಗುತ್ತಿದ್ದೆ. ಎಷ್ಟೋ ಸಲ ಅಲ್ಲಿ ಏನೂ ಇರುತ್ತಿರಲಿಲ್ಲ. ಏನೂ ಇಲ್ಲವೆಂಬುದನ್ನು ಕಣ್ಣಾರೆ ಕಂಡು, ಅವರ ಜೊತೆ ಒಂದು ಗಳಿಗೆ ನಿಂತು ಬರುತ್ತಿದ್ದೆ.