ತಗಡಿನ ಗೂಡಿಗೆ ಒಂದು ತೂತು

ತಗಡಿನ ಕೆಲಸದವನಿಗೆ ತೂತು ಕಂಡರೆ ಆಗದು. ದನದ ಮೈಮೇಲಿನ ಉಣ್ಣಿ ಕಂಡ ಕಾಗೆಯ ಹಾಗೆ ಅವನ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ನಮ್ಮ ತಗಡಣ್ಣನಂತೂ ಆ ಕಸುಬಿನವರಲ್ಲೇ ಒಂದು ಕೈ ಮೇಲು. ಸೋರುವ ಬಕೆಟ್ಟಾಗಲಿ, ಬಾಯಿಬಿಟ್ಟ ಡ್ರಮ್ಮಾಗಲಿ, ಮಳೆ ಬಂದರೆ ಅಳುವ ಚಾವಣಿಯಾಗಲಿ, ಒಮ್ಮೆ ಅವನ ಬೆಸುಗೆ ಬಿತ್ತೆಂದರೆ ಮತ್ತೆ ಒಂದು ಹನಿ ಹೊರಬರುವ ಹಾಗಿಲ್ಲ. "ಗಟ್ಟಿಯಾಗಿದೆ ತಾನೆ?" ಎಂದು ಯಾರಾದರೂ ಕೇಳಿದರೆ ಹೆತ್ತಪ್ಪನನ್ನೇ ಬೈದಷ್ಟು ಸಿಟ್ಟು ಅವನಿಗೆ.

ಅಂಥವನು ಕೈಯಾರೆ ಕಟ್ಟಿಕೊಂಡ ಟ್ರೈಲರ್ ಹೇಗಿದ್ದೀತು? ಹಳೆಯ ಜೀಪಿನ ಬೆನ್ನಿಗೆ ಕೊಂಡಿ ಹಾಕಿ ಎಳೆಯುವ ಎರಡು ಗಾಲಿಯ ಪುಟ್ಟ ಗೂಡು ಅದು. ಎದುರುಬದುರು ಎರಡು ಹಲಗೆ, ಮೂಲೆಯಲ್ಲೊಂದು ಸ್ಟವ್ವು, ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಕೂರಲೇಬೇಕಾದಷ್ಟು ಜಾಗ. ಕೆಲಸ ಹುಡುಕಿಕೊಂಡು ಊರೂರು ತಿರುಗುವಾಗ ಗಂಡ ಹೆಂಡತಿ ಅದರಲ್ಲೇ ಮಲಗುತ್ತಿದ್ದರು. ಬಯಲು ಸೀಮೆಯ ಸೆಕೆಯಲ್ಲಿ ಕಿಟಕಿ ತೆರೆದು ಮಲಗುವವರಿಗೆ ಅದೇ ಅರಮನೆ.

ಈಗ ಆ ಹೆಂಡತಿ ಬೆಟ್ಟದ ಮೇಲಿನ ಊರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಅವಳ ತಾಯಿಯನ್ನು ಕರೆತರಲೆಂದು ತಗಡಣ್ಣ ಕೆಳಗಿಳಿದು ಹೋಗಿದ್ದ. ಅತ್ತೆ ಜೀವಮಾನವೆಲ್ಲ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ಸಂಸಾರ ಎಳೆದ ಹೆಂಗಸು. ಇದ್ದಿಲ ಹೊಗೆಗೆ ಅವಳ ಎದೆ ಸೋತಿತ್ತು, ನಾಲಿಗೆ ಮಾತ್ರ ಸೋತಿರಲಿಲ್ಲ. ಮಗಳನ್ನು ಸುಕ್ಕಿಲ್ಲದ ಸೀರೆಯಲ್ಲಿ ಮನೆಗೆ ಕರೆತರಬೇಕೆಂದು ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನೂ ಮಡಿಲಲ್ಲಿಟ್ಟುಕೊಂಡೇ ಜೀಪು ಹತ್ತಿದ್ದಳು.

ಬೆಟ್ಟ ಹತ್ತುವಷ್ಟರಲ್ಲಿ ಸಂಜೆ. ಉಳಿದುಕೊಳ್ಳುವ ಜಾಗಗಳೆಲ್ಲ ರೋಗಿಗಳ ಕಡೆಯವರಿಂದ ತುಂಬಿದ್ದವು. ಆಸ್ಪತ್ರೆಯ ಕಾವಲುಗಾರ ಕನಿಕರಪಟ್ಟು ಹಿಂಬದಿಯ ಗೋಡೆಯ ಮಗ್ಗುಲಲ್ಲಿ ಗೂಡು ನಿಲ್ಲಿಸಲು ಬಿಟ್ಟ. "ರಾತ್ರಿ ಚಳಿ ಮೂಳೆ ಮುರಿಯುತ್ತೆ ಅಣ್ಣ, ಹುಷಾರು. ಬೆಳಿಗ್ಗೆ ಕೆಮ್ಮು ನೆಗಡಿ ಅಂತ ಹೋದ್ರೆ ನರ್ಸಮ್ಮ ವಾರ್ಡಿನ ಬಾಗಿಲೂ ತೋರ್ಸಲ್ಲ," ಎಂದು ಎಚ್ಚರಿಸಿದ.

ಚಳಿಯೆಂದರೆ ತಗಡಣ್ಣನ ಲೆಕ್ಕದಲ್ಲಿ ಅದೂ ಒಂದು ಸೋರಿಕೆಯೇ. ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆದ, ಬಾಗಿಲ ಅಂಚಿಗೆ ಹಳೆಯ ಬಟ್ಟೆ ತುರುಕಿದ, ಚಾವಣಿಯ ಗಾಳಿಗಂಡಿಗೂ ತಗಡಿನ ಬಿಲ್ಲೆಯಿಟ್ಟು ಬೆಸೆದ. ಸ್ಟವ್ವಿನ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಗೂಡೆಲ್ಲ ಹಬೆ ತುಂಬಿ ಬೆಚ್ಚಗಾದ ಮೇಲೆ ಸ್ಟವ್ವು ಆರಿಸಿದ.

"ಅಳಿಯಂದ್ರೇ, ಇಷ್ಟು ಬಿಗಿಯಾಗಿ ಮುಚ್ಚಿದ್ರೆ ಬಿಟ್ಟ ಉಸಿರು ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಹೋಗೋದು ಬೇಡ ಅತ್ತೆ. ಒಳಗೇ ಇರ್ಲಿ, ಬೆಚ್ಚಗಿರುತ್ತೆ."

"ನಾನೇನು ಉಪ್ಪಿನಕಾಯಿಯಾ, ಜಾಡಿಗೆ ಹಾಕಿ ಬಾಯಿ ಕಟ್ಟೋಕೆ?"

ತಗಡಣ್ಣ ನಕ್ಕು ಮಗ್ಗುಲಾದ. ಮೊದಲ ನಿದ್ದೆ ಸುಖವಾಗಿಯೇ ಬಂತು.

ಬೆಳಗಿನ ಜಾವಕ್ಕೆ ಅತ್ತೆಯ ಹಣೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಆಮೇಲೊಂದು. ದೀಪ ಹಚ್ಚಿ ನೋಡಿದರೆ ಚಾವಣಿಯ ತುಂಬ ಹನಿ, ಗೋಡೆಯ ಮೇಲೆ ನೀರು ಇಳಿದ ಗೆರೆ, ಹೊದ್ದ ರಜಾಯಿ ಹಿಂಡುವಷ್ಟು ತೇವ. ತಗಡಣ್ಣ ಕಣ್ಣುಜ್ಜಿಕೊಂಡು ಮೇಲೆ ನೋಡಿದ. ತಾನು ಕಟ್ಟಿದ ಚಾವಣಿ ಸೋರುವುದೆಂದರೇನು! ಹಾಸಿಗೆ ಬಿಟ್ಟೆದ್ದವನೇ ಹೊರಗೋಡಿ ಗೂಡಿನ ನೆತ್ತಿ ಹತ್ತಿದ. ಅವನ ಹಿಂದೆ ಬಾಗಿಲು ಹಾರುಹೊಡೆದೇ ಉಳಿಯಿತು. ಅಂಗೈಯಿಂದ ಬೆಸುಗೆ ಬೆಸುಗೆಯನ್ನೂ ಸವರಿದ. ಎಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ.

ಕಾವಲುಗಾರ ಟಾರ್ಚು ಬಿಟ್ಟ. "ಅಲ್ಲೇನ್ ಹುಡುಕ್ತಿದೀಯಣ್ಣ?"

"ಸೋರ್ತಿದೆ!"

"ಮಳೆಯೇ ಬಂದಿಲ್ಲ, ಸೋರೋದೇನು? ಮಂಜು ಕದ್ದುಮುಚ್ಚಿ ಒಳಗೆ ಬಂತಾ?"

ಕೆಳಗೆ ತೆರೆದ ಬಾಗಿಲಲ್ಲಿ ನುಗ್ಗಿದ ಚಳಿಗೆ, ಒದ್ದೆ ರಜಾಯಿಯಲ್ಲಿ ಮುದುಡಿ ಕೂತ ಅತ್ತೆ ಕೆಮ್ಮತೊಡಗಿದಳು.

ವಾರ್ಡಿನ ಬಾಗಿಲಲ್ಲಿ ನರ್ಸಿಗೆ ಆ ಕೆಮ್ಮು ಕೇಳಿದ್ದೇ ಸಾಕಾಯಿತು. ಅತ್ತೆಯನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿದಳು, ಅಳಿಯನೊಬ್ಬನೇ ಒಳಗೆ ಹೋದ. ಹೆಂಡತಿಯ ಮುಖ ಸುಣ್ಣದ ಗೋಡೆಯಂತಿತ್ತು. ಅವಳ ಕಣ್ಣು ಅವನ ಬೆನ್ನ ಹಿಂದೆಯೇ ನೆಟ್ಟಿತ್ತು.

"ಅಮ್ಮ ಎಲ್ಲಿ?"

"ಹೊರಗಿದಾರೆ. ಸ್ವಲ್ಪ ಕೆಮ್ಮು, ನರ್ಸು ಬಿಡ್ಲಿಲ್ಲ."

"ಸುಳ್ಳು. ಅಮ್ಮಂಗೆ ಏನೋ ಆಗಿದೆ, ನನ್ ಹತ್ರ ಮುಚ್ಚಿಡ್ತಿದೀರಿ. ನನ್ನಾಣೆ ಮಾಡಿ ಹೇಳಿ, ಇದಾಳಾ ಇಲ್ವಾ?"

ಅವನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ತಂದಿಟ್ಟ ಗಂಜಿಯನ್ನು ಮುಟ್ಟದೆ ಗೋಡೆಯ ಕಡೆ ತಿರುಗಿದಳು. "ಹೀಗೆ ಹೊಟ್ಟೆಗೆ ಏನೂ ಹಾಕ್ಕೊಳ್ದಿದ್ರೆ ಗಾಯ ಮಾಯೋದು ಹೇಗೆ?" ಎಂದು ನರ್ಸು ಇವನನ್ನೇ ಗದರಿದಳು. ನಾಳೆ ಅಮ್ಮನನ್ನು ಕಣ್ಣೆದುರಿಗೆ ನಿಲ್ಲಿಸುತ್ತೇನೆಂದು ಮಾತು ಕೊಟ್ಟು ತಗಡಣ್ಣ ಹೊರಬಂದ. ಮಾತು ಕೊಡುವುದಕ್ಕೇನು, ಕೊಟ್ಟ. ಅತ್ತೆಯ ಎದೆಯೊಳಗಿನ ಕೆಮ್ಮು ಅವನ ಮಾತು ಕೇಳಬೇಕಲ್ಲ?

ವಿಷಯ ಕೇಳಿದ ಅತ್ತೆ ಎದ್ದು ಸೆರಗು ಬಿಗಿದಳು. ಒದ್ದೆ ರಜಾಯಿಗಳನ್ನು ಬಿಸಿಲಿಗೆ ಹರವಿದಳು. ಸಂಜೆ ಕಾವಲುಗಾರನ ಬೆಂಕಿಗೂಡಿನಿಂದ ಒಂದಷ್ಟು ಕೆಂಡ ಬೇಡಿ ತಂದು ಇಸ್ತ್ರಿಪೆಟ್ಟಿಗೆಗೆ ತುಂಬಿಸಿ ಅಳಿಯನನ್ನು ಕರೆದಳು.

"ಇದಕ್ಕೆ ಸುತ್ತ ತೂತು ಯಾಕಿಟ್ಟಿದಾರೆ ಹೇಳಿ ನೋಡೋಣ?"

"ಕೆಂಡ ಉಸಿರಾಡೋಕೆ."

"ಕೆಂಡಕ್ಕೆ ಬೇಕು, ನಿಮ್ಮತ್ತೆಗೆ ಬೇಡವಾ? ಒದ್ದೆ ಬಟ್ಟೆ ಮೇಲೆ ಇಸ್ತ್ರಿ ಇಟ್ರೆ ಹಬೆ ಏಳುತ್ತೆ. ಅದಕ್ಕೆ ದಾರಿ ಬಿಟ್ರೆ ಬಟ್ಟೆ ಒಣಗುತ್ತೆ, ಮುಚ್ಚಿಟ್ರೆ ತಿರುಗಿ ಅಲ್ಲೇ ನೀರಾಗುತ್ತೆ. ನಿನ್ನೆ ನಿಮ್ಮ ತಗಡು ಸೋರ್ಲಿಲ್ಲ ಅಳಿಯಂದ್ರೇ. ನಾವೇ ಸೋರಿದ್ದು, ನಮ್ಮ ಉಸಿರು, ನಿಮ್ಮ ಆ ಪಾತ್ರೆ ನೀರು."

ತಗಡು ಸೋರಲಿಲ್ಲ ಎಂಬ ಮಾತು ಕೇಳಿ ತಗಡಣ್ಣನಿಗೆ ಅರ್ಧ ಜೀವ ಬಂತು. ಆದರೂ ತೂತೆಂದರೆ ಮನಸ್ಸು ಒಪ್ಪದು. "ಹಾಗಾದ್ರೆ ಹಬೆ ಬೇಡ. ಈ ಪೆಟ್ಟಿಗೆಯನ್ನೇ ರಾತ್ರಿಯೆಲ್ಲ ಒಳಗಿಟ್ಟುಕೊಂಡ್ರೆ?" ಎಂದು ಇನ್ನೊಂದು ದಾರಿ ಹುಡುಕಿದ.

"ಕೆಂಡ ಒಳಗಿಟ್ಟು ಬಾಗಿಲು ಹಾಕಿದ್ರೆ ಬೆಳಿಗ್ಗೆ ಆಸ್ಪತ್ರೆಗೆ ನಾವು ನಡ್ಕೊಂಡು ಹೋಗಲ್ಲ, ಹೊತ್ಕೊಂಡು ಹೋಗ್ತಾರೆ. ನಮ್ಮ ಯಜಮಾನ್ರು ಒಂದ್ಸಲ ಇಸ್ತ್ರಿ ಅಂಗಡೀಲಿ ಹಾಗೇ ಮಲಗಿ, ಎಳೆದು ಹೊರಗೆ ಹಾಕೋ ಹೊತ್ತಿಗೆ ಜ್ಞಾನವೇ ಇರ್ಲಿಲ್ಲ. ಕೊರೀತೀರೋ, ನಾನೇ ಕೊರೀಲೋ?"

ತಗಡಣ್ಣ ಬೈರಿಗೆ ತೆಗೆದುಕೊಂಡ. ಅದರ ಮೊನೆಯನ್ನು ಚಾವಣಿಯ ಬಿಲ್ಲೆಗೆ ಆನಿಸಿ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಮುಖ ಕಿವುಚಿ ತಿರುಗಿಸಿದ. ಒಂದರ ಪಕ್ಕ ಒಂದು ತೂತು ಕೊರೆದು, ಅಂಗೈಯಷ್ಟು ತಗಡು ಕಳಚಿ ಕೈಗೆ ಬಂದಾಗ ಅದನ್ನು ನೋಡಲಾರದೆ ಜೇಬಿಗೆ ಹಾಕಿಕೊಂಡ. ಬಾಗಿಲ ಬುಡದಲ್ಲಿ ತುರುಕಿದ್ದ ಬಟ್ಟೆಯನ್ನೂ ಒಂದು ಕಡೆ ಕಿತ್ತ.

ಅತ್ತೆ ಹಲಗೆಯ ಮೇಲೆ ಗೋಣಿಚೀಲ, ರಟ್ಟಿನ ಹಾಳೆ ಹಾಸಿ, ಅದರ ಮೇಲೆ ಹಾಸಿಗೆ ಬಿಡಿಸಿ, ಬಾಗಿಲು ತೆರೆದಿಟ್ಟುಕೊಂಡೇ ಇಸ್ತ್ರಿ ಎಳೆದಳು. ಚಳಿಗೆ ಕಲ್ಲಾಗಿದ್ದ ರಜಾಯಿ ಆಗಷ್ಟೇ ಒಲೆಯಿಂದಿಳಿಸಿದ ಹಾಗಾಯಿತು. ಇದ್ದ ಕೆಂಡ ಅವಳ ರಜಾಯಿಯೊಂದಕ್ಕೇ ಸಾಕಾಯಿತು. "ನನಗ್ಯಾಕೆ ಬಿಡಿ ಅತ್ತೆ, ನಾನೇನು ಹಸುಗೂಸಾ?" ಎಂದು ತಗಡಣ್ಣ ಪೆಟ್ಟಿಗೆಯನ್ನು ಹೊರಗಿಟ್ಟ. ಅವಳಿಗೆ ಆಸ್ಪತ್ರೆ ಗೋಡೆಯ ಕಡೆಯ ಹಲಗೆ ಬಿಟ್ಟು, ಗಾಳಿ ಸುರಿಯುವ ತೂತಿನ ಕೆಳಗಿನ ಹಲಗೆಯಲ್ಲಿ ತಾನು ಮಲಗಿದ. ಕೊನೆಯಲ್ಲಿ ತನ್ನ ಟೋಪಿಯನ್ನೂ ಅವಳ ತಲೆದೆಸೆಗೆ ಇಟ್ಟ. ಅವಳು ಅದನ್ನು ತಲೆಗೆ ಹಾಕಿಕೊಂಡಳು.

ಬೆಳಿಗ್ಗೆ ಗೋಡೆ ಒಣಗಿತ್ತು. ಅತ್ತೆ ಎದ್ದು ಬಿಸಿನೀರು ಕುಡಿದು, ಗಂಟಲು ಸರಿಪಡಿಸಿಕೊಳ್ಳಲೂ ಹೆದರಿ, ಬಾಯಿಗೆ ಸೆರಗು ಹಿಡಿದು ವಾರ್ಡಿನ ಬಾಗಿಲಿಗೆ ನಡೆದಳು. ತಗಡಣ್ಣ ಹಿಂದೆ. ನರ್ಸು ಅತ್ತೆಯ ಮುಖ ನೋಡುತ್ತ ನಿಂತಳು. ಅತ್ತೆ ಉಸಿರೆಳೆದಳು, ಬಿಟ್ಟಳು. ಏನೂ ಆಗಲಿಲ್ಲ. ಅಷ್ಟರಲ್ಲಿ ಖಣಖಣ ಎಂದು ಒಂದು ಕೆಮ್ಮು.

"ಇದ್ಯಾರು?" ಎಂದಳು ನರ್ಸು.

ಕೆಮ್ಮಿದ್ದು ತಗಡಣ್ಣ.

"ನೀವು ಬೆಂಚಿನ ಮೇಲೆ ಕೂತ್ಕೊಳ್ಳಿ. ಅಮ್ಮಾ, ನೀವು ಒಳಗೆ ಬನ್ನಿ."

ಬಾಗಿಲು ಮುಚ್ಚಿಕೊಂಡಿತು. ಬಾಯಿಗೆ ಟವೆಲು ಒತ್ತಿಕೊಂಡು ಅವನು ಕಿವಿಗೊಟ್ಟ. ಮೊದಲು ಅಳು, ಆಮೇಲೆ ಬೈಗುಳ, ಆಮೇಲೆ ಪಾತ್ರೆಗೆ ಚಮಚ ತಗುಲುವ ಸದ್ದು. ಆ ಸದ್ದು ನಿಲ್ಲದೆ ಕೇಳಿಬಂದ ಮೇಲೆ ಅವನು ಬೆಂಚಿಗೆ ಬೆನ್ನು ಆನಿಸಿ ಕೂತ.

ಬಹಳ ಹೊತ್ತಿನ ಮೇಲೆ ಅತ್ತೆ ಖಾಲಿ ಪಾತ್ರೆ ಹಿಡಿದು ಹೊರಬಂದಳು.

"ಉಂಡಳಾ?"

"ಪಾತ್ರೆ ತೊಳೆಯೋ ಕೆಲಸವೇ ಇಲ್ಲ. ನೀವ್ಯಾಕೆ ಬರ್ಲಿಲ್ಲ ಅಂದ್ಲು. ತೂತಿನ ಕೆಳಗೆ ಮಲಗಿ ಕೆಮ್ಮು ಬರಿಸ್ಕೊಂಡಿದಾರೆ ಅಂದೆ. ಯಾವ ತೂತು ಅಂದ್ಲು. ನಿನ್ ಗಂಡನೇ ಬೈರಿಗೆ ಹಿಡಿದು ಚಾವಣಿಗೆ ಕೊರೆದ್ರು ಅಂದೆ."

"ಅದಕ್ಕೆ?"

"ನಾನು ಬದುಕಿದೀನಿ ಅಂತ ನಂಬಿದ್ಲು. ಅದನ್ನ ಮಾತ್ರ ನಂಬ್ಲಿಲ್ಲ. ನಗೋಕೆ ಶುರು ಮಾಡಿದ್ಲು, ಹೊಲಿಗೆ ಬಿಚ್ಕೊಳ್ಳುತ್ತೆ ಅಂತ ನರ್ಸು ನನ್ನ ಹೊರಗೆ ಕಳಿಸಿದ್ಲು."