ನಡುವಿನ ಅಂಗೈಯಗಲ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಜ್ಜಿಯ ಸೀರೆಯ ಅಂಚು ಹಸಿರೋ ನೇರಳೆಯೋ, ಆಗ ನನಗೆ ಒಂಬತ್ತೋ ಹತ್ತೋ... ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಒಗೆದು ಬಿಸಿಲಿಗೆ ಹಾಕಿದ ಹಳೆಯ ನೂಲಿನ ಸೀರೆಗಳ ವಾಸನೆ ಮಾತ್ರ ಖಚಿತ. ಕಳೆದ ಭಾನುವಾರ ಕೊಳ್ಳೇಗಾಲದ ಕಲ್ಯಾಣ ಮಂಟಪವೊಂದರಲ್ಲಿ ಕೌದಿ ಪ್ರದರ್ಶನವಿತ್ತು. ಬಾಗಿಲಲ್ಲೇ ಆ ವಾಸನೆ ಎದುರಾಯಿತು.

ಹಗ್ಗದ ಮೇಲೆ ಸಾಲಾಗಿ ಕೌದಿಗಳು. “ಇಷ್ಟು ಚೆಂದದ್ದ ಮೈಮೇಲೆ ವದ್ಕಂಡು ಮಲಗಕ್ಕೆ ಮನಸು ಬಂದದಾ?” ಎಂದಳು ಒಬ್ಬಾಕೆ. ಜೊತೆಯವಳು, “ನಿಮ್ ಯಜಮಾನ್ರ ಗೊರಕೆ ಮುಚ್ಚಕ್ಕೆ ಇಂಥವು ನಾಕು ಬೇಕು ಕಣಕ್ಕ” ಎಂದಳು. ಅವರ ಹಿಂದೆ ನಾನೂ ನಗುತ್ತಾ ನಡೆದೆ. ಡೈರಿಯಲ್ಲಿ ಎರಡು ನಮೂನೆ ಬರೆದುಕೊಂಡೆ: ಚೌಕಳಿ ಲುಂಗಿಗಳದೊಂದು, ತಂಗಿಯ ಮೊಮ್ಮಗುವಿಗೆ ಚಿಕ್ಕದೊಂದು. ಮೂಲೆಯಲ್ಲಿ ಒಂದು ಸಾದಾ ಕೌದಿಯಿತ್ತು. ಹೊಲಿಗೆ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬಂದಿತ್ತು. ಪಕ್ಕದ ಮನೆಯ ದೊಡ್ಡವ್ವ ಹಾಗೆಯೇ ಹೊಲಿಯುತ್ತಿದ್ದರು.

ನಡುವಿನಲ್ಲಿ ಅಂಗೈಯಗಲ ಜಾಗವನ್ನು ಅವರು ಮೇಲಿನ ಬಟ್ಟೆ ಸಡಿಲ ಬಿಟ್ಟು ಹೊಲಿಯದೆ ಉಳಿಸುತ್ತಿದ್ದರು. ಆ ಕೌದಿ ಹೊದೆಯುವ ಮನೆಯವರೇ ಬಂದು ಅದನ್ನು ಹೊಲಿದು ಮುಚ್ಚಬೇಕು.

ಒಮ್ಮೆ ನಮಗೆ ಕೌದಿ ಹೊಲಿಯಲು ಕೂತ ಅವರು ಒಳಪದರಕ್ಕೆ ಹಳೆಯ ಸೀರೆಗಳನ್ನು ಕೇಳಿದರು. ಅವ್ವ ಮನೆಯಲ್ಲಿರಲಿಲ್ಲ. ಪೆಟ್ಟಿಗೆಯಲ್ಲಿ ಸವೆದು ಮೆತ್ತಗಾಗಿದ್ದುದನ್ನೆಲ್ಲ ನಾನೇ ಒಯ್ದು ಕೊಟ್ಟೆ. ಅವುಗಳಲ್ಲಿ ಒಂದು, ತೀರಿಹೋದ ಅಜ್ಜಿಯ ಸೀರೆ. ಕೆಲವು ದಿನಗಳ ಮೇಲೆ ಅವ್ವ ಅದನ್ನು ಹುಡುಕಿದರು. ಆ ವಾರ ಹನೂರಿನಿಂದ ಅವ್ವನ ತಂಗಿ, ನನ್ನ ಚಿಕ್ಕಮ್ಮ, ಬಂದುಹೋಗಿದ್ದರು. ಅವರಿಗೂ ಆ ಸೀರೆಯ ಮೇಲೆ ಆಸೆಯಿತ್ತು. “ಕೇಳಿದ್ರೆ ಕೊಡ್ತಿದ್ದೆ, ಕದ್ಕಂಡು ಓಗಬೇಕಿತ್ತಾ?” ಎಂದು ಅವ್ವ ಹಿತ್ತಿಲಲ್ಲಿ ನಿಂತು ಗೋಡೆಗೇ ಹೇಳುವಂತೆ ಹೇಳಿದರು.

ಗೋಡೆಯಾಚೆ ದೊಡ್ಡವ್ವ ಕೇಳಿಸಿಕೊಂಡರು. ಸಂಜೆ ನನ್ನನ್ನು ಕರೆದು, ಹೊಲಿಯದ ಜಾಗದಲ್ಲಿ ಮೇಲಿನ ಬಟ್ಟೆ ಮಡಚಿ ತೋರಿಸಿದರು. ಒಳಗೆ ಅಜ್ಜಿಯ ಸೀರೆಯ ಅಂಚು.

“ಇದೇಯಾ ಕೂಸೇ?”

ತಲೆಯಾಡಿಸಿದೆ.

“ನಾನು ಬಾಯಿ ಬುಡಕ್ಕಿಲ್ಲ. ನಿಮ್ಮವ್ವಂಗೆ ನೀನೇ ಏಳು. ನೀ ಏಳೋಗಂಟ ನಡುವ ಮುಚ್ಚಕ್ಕಿಲ್ಲ.”

ಎಷ್ಟು ದಿನ ಕಾದರೋ... ನಾನು ಹೇಳಲಿಲ್ಲ. ಕೊನೆಗೊಂದು ದಿನ, “ಅವ್ವಂಗೆ ಏಳ್ದೆ, ಮುಚ್ಚು ಅಂದ್ರು” ಎಂದುಬಿಟ್ಟೆ. ದೊಡ್ಡವ್ವ ನನ್ನ ಮುಖ ನೋಡಿದರು. ಸೂಜಿಗೆ ದಾರ ಪೋಣಿಸಿ ಕೈಗಿತ್ತರು. ನಾನು ಮುಗಿಸಿದ ಮೇಲೆ, “ಬಂಡಳ್ಳಿ ದಾರಿಯಂಗೆ ಸೊಟ್ಟಗದೆ” ಎಂದರು. ಆದರೆ ನಗಲಿಲ್ಲ. ಸುಳ್ಳು ಅವರಿಗೆ ಗೊತ್ತಾಗಿತ್ತೇ? ನಗಲಿಲ್ಲ ಎಂಬುದನ್ನು ನಾನೇ ಆಮೇಲೆ ಸೇರಿಸಿಕೊಂಡೆನೇ?

ಅವ್ವನ ಮಾತು ಹೇಗೋ ಹನೂರಿಗೂ ಮುಟ್ಟಿತು. ಅಕ್ಕತಂಗಿಯರು ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೂ ಮಾತನಾಡಲಿಲ್ಲ. ದೊಡ್ಡವ್ವ ಮಾಂಬಳ್ಳಿಯ ಮಗಳ ಮನೆ ಸೇರಿದರು. ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ನಾನು ಒಮ್ಮೆಯೂ ಹೋಗಲಿಲ್ಲ. ಅವರು ತೀರಿಕೊಂಡದ್ದೂ ತಿಂಗಳು ಕಳೆದ ಮೇಲೆ ತಿಳಿಯಿತು. ಹೋದ ವರ್ಷ ಅವ್ವನೂ ಹೋದರು, ಆ ಕೌದಿಯನ್ನು ಹೊದ್ದೇ.

ಪ್ರದರ್ಶನದಿಂದ ಬಂದು ಕೌದಿಯನ್ನು ಮಂಚದ ಮೇಲೆ ಹರಡಿದೆ. ನಡುವಿನಲ್ಲಿ ನನ್ನ ಸೊಟ್ಟ ಹೊಲಿಗೆ ಹಾಗೇ ಇದೆ. ಡೈರಿಯಲ್ಲಿ ಎರಡು ನಮೂನೆಗಳ ಕೆಳಗೆ ಮೂರನೆಯ ಕೆಲಸ ಬರೆದೆ: ಇದನ್ನು ಬಿಚ್ಚುವುದು. ಆಮೇಲೆ ಹನೂರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅತ್ತ ಕುಕ್ಕರ್ ಕೂಗಿತು. “ಒಲೆ ಮೇಲೆ ಬೇಳೆ ಅದೆ” ಎಂದು ಚಿಕ್ಕಮ್ಮ ಫೋನ್ ಇಟ್ಟುಬಿಟ್ಟರು.

ಇವತ್ತಿಗೆ ಐದು ದಿನ. ಸಣ್ಣ ಕತ್ತರಿ ಕೌದಿಯ ಮೇಲೇ ಇದೆ. ಅವರು ಫೋನ್ ಇಡುವ ಮೊದಲು ನಾನು ಕೇಳಿದ್ದು ಇಷ್ಟೇ:

“ಚಿಕ್ಕಮ್ಮಾ, ನಡುವ ಬಿಚ್ಚೋವಾಗ ನೀವೂ ಪಕ್ಕದಲ್ಲಿ ಕೂತ್ಕತೀರಾ?”