ಗಾಳಿಗೆ ಬಿಡದ ಬಿಸ್ಕತ್ತು

ಮೊನ್ನೆ ಅರಕಲಗೂಡಿನಿಂದ ವಾಪಸ್ ಬಂದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದೆ. ವೆನಿಲ್ಲಾದ ಜೊತೆ ಒದ್ದೆ ಸಕ್ಕರೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮಳೆಗಾಲದ ಅವಸರದಲ್ಲಿ ಮೇಲಿನ ಸಕ್ಕರೆ ಐಸಿಂಗ್ ಪೂರ್ತಿ ಆರುವ ಮೊದಲೇ ಡಬ್ಬಿಗೆ ತುಂಬಿದ್ದೆ. ಗಿರಾಕಿಗೆ ಫೋನ್ ಮಾಡಿ "ತಪ್ಪು ನಂದೇ, ಬೇರೆ ಮಾಡಿ ಕಳಿಸ್ತೀನಿ" ಎಂದೆ. ಎಷ್ಟು ಸಲೀಸಾಗಿ ಬಾಯಿಂದ ಬಂತು ಆ ಮಾತು! ಇಪ್ಪತ್ತು ವರ್ಷದ ಹಿಂದೆ ಇದೇ ಮಾತು ಬಾಯಿಗೆ ಬಂದಿದ್ದರೆ...

ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಪಕ್ಕದ ಮನೆಯಲ್ಲಿ ನಾನು ಅತ್ತೆ ಎಂದು ಕರೆಯುತ್ತಿದ್ದ ಹೆಂಗಸೊಬ್ಬರಿದ್ದರು. ಸಂಬಂಧವೇನಿಲ್ಲ, ಬಳಕೆ ಅಷ್ಟೆ. ಗಂಡ ತೀರಿಕೊಂಡ ಮೇಲೆ, ಪುಟ್ಟ ಮಗಳನ್ನು ಸಾಕಲು, ಅಡುಗೆಮನೆಯಲ್ಲೇ ಒಂದು ಓವನ್ ಇಟ್ಟುಕೊಂಡು ಬಿಸ್ಕತ್ತು ಮಾಡಿ ಮಾರುತ್ತಿದ್ದರು. ಸಕ್ಕರೆ ಪುಡಿಗೆ ನಿಂಬೆರಸ ಬೆರೆಸಿ, ಕಾಗದದ ಕೊಳವೆಯಲ್ಲಿ ತುಂಬಿ, ಬಿಸ್ಕತ್ತಿನ ಮೇಲೆ ಹೂವು, ನಕ್ಷತ್ರ, ಮಕ್ಕಳ ಹೆಸರು ಬರೆಯುವುದರಲ್ಲಿ ಎತ್ತಿದ ಕೈ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೂ ಕಲಿಸಿದರು. ಬರೆಯುವುದು ಬೇಗ ಬಂತು. ಕಾಯುವುದು ಮಾತ್ರ ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಬಿಸ್ಕತ್ತು ತಣ್ಣಗಾಗುವವರೆಗೆ ಐಸಿಂಗ್ ಹಾಕುವಂತಿಲ್ಲ. ಹಾಕಿದ ಮೇಲೆ ಒಂದಕ್ಕೊಂದು ತಾಗದ ಹಾಗೆ ಜಾಲರಿ ತಟ್ಟೆಯಲ್ಲಿ ಹರಡಿ, ಫ್ಯಾನಿನ ಕೆಳಗೆ ಮರುದಿನದವರೆಗೂ ಬಿಡಬೇಕು.

ಆ ಸಲ ಊರಿನ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಇನ್ನೂರು ಬಿಸ್ಕತ್ತು ಬೇಕೆಂದು ಕೇಳಿದ್ದರು. ಇದು ಚೆನ್ನಾಗಿ ಬಂದರೆ ಇನ್ನು ಮುಂದೆ ಶಾಲೆಯ ಎಲ್ಲ ಸಮಾರಂಭಕ್ಕೂ ನೀವೇ ಎಂದಿದ್ದರಂತೆ ಹೆಡ್ ಮೇಡಂ. ಅದನ್ನೇ ನೆಚ್ಚಿಕೊಂಡು ಅತ್ತೆ ಬೀದಿಗೆ ಮುಖಮಾಡಿದ ಒಂದು ಪುಟ್ಟ ಮಳಿಗೆಯನ್ನು ನೋಡಿಟ್ಟಿದ್ದರು. ಬಿಸ್ಕತ್ತು ಬೇಯಿಸಿ, ಇಬ್ಬರೂ ಸೇರಿ ಐಸಿಂಗ್ ಮುಗಿಸುವಷ್ಟರಲ್ಲಿ ದಂಡಿಗನಹಳ್ಳಿಯಿಂದ ಸಾವಿನ ಸುದ್ದಿ ಬಂತು. ಅವರ ದೊಡ್ಡಪ್ಪ. ಹೋಗಲೇಬೇಕು.

"ಮುಚ್ಬ್ಯಾಡ ಕಣವ್ವ, ಗಾಳಿಗೆ ಬುಟ್ಬುಡು. ನಾಳೆ ಉಗುರಲ್ಲಿ ತಟ್ಟುದ್ರೆ ಟಕ್ ಅನ್ಬೇಕು" ಎಂದು ಹೇಳಿ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು.

ಮಧ್ಯಾಹ್ನ ಇರುವೆ ಸಾಲುಗಟ್ಟಿದವು. ಸಿಹಿಗೆ ಇರುವೆ ಬಂದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಅಗಲದ ಹರಿವಾಣಗಳಿಗೆ ನೀರು ತುಂಬಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಜಾಲರಿ ತಟ್ಟೆಗಳನ್ನು ಇಟ್ಟೆ. ಹಲ್ಲಿ ಬೀಳಬಾರದೆಂದು ಮೇಲೊಂದು ಪ್ಲಾಸ್ಟಿಕ್ ಹೊದಿಸಿದೆ. ಪ್ಲಾಸ್ಟಿಕ್ ಹಾರುತ್ತದೆಂದು ಫ್ಯಾನನ್ನೂ ಆರಿಸಿ, ಗೆಳತಿಯ ಮನೆಗೆ ಮೆಹಂದಿ ಹಾಕಿಸಿಕೊಳ್ಳಲು ಹೋದೆ. ಎಂಥಾ ಬುದ್ಧಿವಂತೆ!

ಸಂಜೆ ಬಂದು ನೋಡಿದರೆ ಹರಿವಾಣದ ನೀರಿನ ಆವಿ ಕಟ್ಟಿ ಪ್ಲಾಸ್ಟಿಕ್ಕಿನ ಒಳಗೆಲ್ಲ ನೀರಹನಿ. ಐಸಿಂಗ್ ಬೆರಳಿಗೆ ಅಂಟುತ್ತಿತ್ತು, ಬಿಸ್ಕತ್ತು ಮುರಿಯದೆ ಬಾಗುತ್ತಿತ್ತು. ನೀರು ಚೆಲ್ಲಿ, ಹರಿವಾಣ ಒರೆಸಿಟ್ಟು, ಫ್ಯಾನ್ ಜೋರಾಗಿ ಹಾಕಿದೆ. ಬೆಳಗಾಗುವಷ್ಟರಲ್ಲಿ ಮೇಲಿನ ಸಕ್ಕರೆ ಮತ್ತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಒಳಗೆ ಮಾತ್ರ ಹಾಗೇ ಮೆತ್ತಗೆ. ಮೊದಲ ಬಸ್ಸಿಗೆ ಬಂದ ಅತ್ತೆ ಒಂದನ್ನು ತಟ್ಟಿ ನೋಡಿದರು. ಟಕ್ ಎಂದಿತು. ನನ್ನ ಬೆನ್ನು ಸವರಿದರು. ಆಗಲಾದರೂ ಹೇಳಬಹುದಿತ್ತು...

ಶಾಲೆಯಲ್ಲಿ ಹೆಡ್ ಮೇಡಂ ಒಂದನ್ನು ಮುರಿಯಹೋದರು. ಅದು ಬಾಗಿತು. "ಹಳೇ ಮಾಲು ತಂದ್ಬಿಟ್ರಾ?" ಎಂದು ನಾಲ್ಕು ಜನರ ಎದುರು ಕೇಳಿಬಿಟ್ಟರು. ಅತ್ತೆಯ ಮುಖ ಕಪ್ಪಿಟ್ಟಿತು. ಪಕ್ಕದಲ್ಲೇ ಡಬ್ಬಿ ಹಿಡಿದು ನಿಂತಿದ್ದ ನಾನು ನೆಲ ನೋಡಿದೆ.

ವಾಪಸ್ ಮನೆ ಹತ್ತಿರ ಬಂದಾಗ ಅತ್ತೆ ಕೇಳಿದರು: "ಯಾಕಂಗಾಯ್ತವ್ವ? ಬೆಳಿಗ್ಗೆ ಟಕ್ ಅಂದಿದ್ದು ನೀನೂ ನೋಡ್ದಲ್ಲ?"

"ನೀವು ಬೇಯಿಸಿದ್ದೇ ಸ್ವಲ್ಪ ಹಸಿ ಇತ್ತೇನೋ ಅತ್ತೆ..." ಎಂದೆ.

ಸುಮ್ಮನಿದ್ದಿದ್ದರೆ ಅದು ಹೇಡಿತನ ಅನ್ನಬಹುದಿತ್ತು. ಇದಕ್ಕೆ ಏನನ್ನಲಿ? ಅವರು ನನ್ನ ಮಾತನ್ನು ನಂಬಿದರು. ಶಾಲೆಯಿಂದ ಮತ್ತೆ ಕರೆ ಬರಲಿಲ್ಲ. ಮಳಿಗೆಯ ಮಾತು ನಿಂತಿತು. ಅವರು ಬಿಸ್ಕತ್ತು ಬಿಟ್ಟು ಚಕ್ಕುಲಿ, ನಿಪ್ಪಟ್ಟಿಗೆ ಇಳಿದರು. ಯಾರಾದರೂ ಕೇಳಿದರೆ "ನನ್ ಕೈ ಕೆಟ್ಟೋಯ್ತು" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಸತ್ತುಹೋಗುವಷ್ಟು ನಾಚಿಕೆಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮದುವೆಯಾಗಿ ಹಾಸನಕ್ಕೆ ಬಂದೆ. ಅವರು ಕಲಿಸಿದ ಕೆಲಸದಿಂದಲೇ ನಾಲ್ಕು ಜನ ಗುರುತಿಸುವ ಹಾಗಾದೆ. ಒಮ್ಮೆ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು.

ಹೋದ ವರ್ಷ ಅತ್ತೆ ತೀರಿಕೊಂಡರು. ಶಿವಗಣಾರಾಧನೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಅವರ ಮಗಳು ನನ್ನ ಎಲೆಗೆ ಪಾಯಸ ಬಡಿಸುತ್ತಾ ಕಣ್ಣು ಒರೆಸಿಕೊಂಡಳು.

"ನಿನ್ನೆಸ್ರು ಎತ್ತದೆ ಇರೋ ದಿನವೇ ಇರ್ಲಿಲ್ಲ ಕಣಕ್ಕ. 'ನನ್ ಕೈ ಕೆಟ್ರೂ ಕೆಲ್ಸ ಅವಳ ಕೈಲಿ ಉಳ್ಕೊಂಡೈತಲ್ಲ, ಅಷ್ಟು ಸಾಕು' ಅನ್ನೋರು ಅವ್ವ."

ಆಗಲೂ ಹೇಳಬಹುದಿತ್ತು. ಮಗಳಿಗಾದರೂ. ನಾನು ತಲೆಯಾಡಿಸಿ, ಪಾಯಸ ಉಂಡು, ಹಾಸನದ ಬಸ್ಸು ಹತ್ತಿದೆ.